ಹಳೆ ಜಿಪ್ಸಿ ಬಾಡಿಯಲ್ಲಿ ಕ್ಯಾಂಪಿಂಗ್ ಟ್ರೈಲರ್: ಜಿಮ್ನಿ ಹಿಂದೆ ಎಳೆಯಬಹುದಾ?

ಹೊಳೆದಂಡೆ (ಜಯನಗರ):

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಹಳೆ ಮಾರುತಿ ಜೀಪು, ಜಿಪ್ಸಿ ಕಿಂಗ್, ಕನಕಪುರ ರಸ್ತೆಯ ತೋಟದಲ್ಲಿ ವರ್ಷಗಳಿಂದ ನಿಂತಿದೆ. ಇಂಜಿನ್ ಸೀಜ್ ಆಗಿದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದು ಬಹಳ ಕಾಲವಾಯಿತು, ಮುಂದಿನ ಫ್ಲೋರ್ ತುಕ್ಕು ಹಿಡಿದು ಕಾಲಿಟ್ಟರೆ ನೆಲ ಕಾಣುತ್ತದೆ. ಆದರೆ ಮುಂದಿನ ಸೀಟ್ ಹಿಂದಿನ ಭಾಗ ಮಾತ್ರ ಗಟ್ಟಿಯಾಗಿದೆ, ಹಿಂದಿನ ಬಾಗಿಲು ಈಗಲೂ ನೀಟಾಗಿ ಮುಚ್ಚುತ್ತದೆ. ಗುಜರಿಗೆ ಹಾಕೋಕೆ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ, ಮಾವ ಅದರಲ್ಲೇ ಮಕ್ಕಳನ್ನೆಲ್ಲ ಓಡಾಡಿಸಿದವರು.

ನನ್ನ ಯೋಚನೆ ಇಷ್ಟು. ಮುಂಭಾಗ ಕತ್ತರಿಸಿ ತೆಗೆದು, ಹಿಂದಿನ ಚಾಸಿ, ಎಕ್ಸೆಲ್ (ಚಕ್ರಗಳ ಅಚ್ಚು), ಲೀಫ್ ಸ್ಪ್ರಿಂಗ್ ಹಾಗೇ ಉಳಿಸಿಕೊಂಡು, ಮುಂದೆ ಒಂದು ಎಳೆಯುವ ಬಾರ್ ವೆಲ್ಡ್ ಮಾಡಿಸಿ ಟ್ರೈಲರ್ ಮಾಡುವುದು. ಮೇಲೆ ರೂಫ್ ಟಾಪ್ ಟೆಂಟ್, ಹಿಂದಿನ ಬಾಗಿಲು ತೆಗೆದರೆ ಅಡುಗೆಮನೆ. ಎಳೆಯೋಕೆ ನಮ್ಮ ಜಿಮ್ನಿ ಇದೆ, ಅದೂ ಮಾರುತಿಯ ಸಣ್ಣ ಜೀಪೇ. ನಾವಿಬ್ಬರು, ಇಬ್ಬರು ಮಕ್ಕಳು. ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಲ್ಲಿ ಎರಡು ಮೂರು ರಾತ್ರಿ ಉಳಿಯುವ ಆಸೆ.

ಪರಿಚಯದ ಮೆಕ್ಯಾನಿಕ್ "ಹದಿನೈದು ದಿನದ ಕೆಲಸ ಮೇಡಂ, ಸುಮ್ನೆ ಗಾಡಿ ತಂದು ಬಿಡಿ" ಅನ್ನುತ್ತಿದ್ದಾರೆ. ಅಷ್ಟು ಸುಲಭ ಇದೆಯಾ? ಆ ಎಕ್ಸೆಲ್ ಇಟ್ಟುಕೊಳ್ಳಬಹುದಾ, ಜಿಮ್ನಿ ಎಷ್ಟು ತೂಕ ತಡೆಯುತ್ತದೆ, ಆರ್‌ಟಿಒದಲ್ಲಿ ಏನು ಕಥೆ? ತಿಳಿದವರು ಹೇಳಿ.

ಆರ್‌ಸಿ ಬುಕ್:

ಮೇಡಂ, ಗಾಡಿ ಕತ್ತರಿಸುವ ಮೊದಲು ಕಾಗದದ ವಿಷಯ ಮುಗಿಸಿಕೊಳ್ಳಿ. ಎಷ್ಟೋ ಜನ ಕತ್ತರಿಸಿದ ಮೇಲೆ ಕೇಳುತ್ತಾರೆ, ಆಗ ದಾರಿ ತುಂಬಾ ಕಡಿಮೆ ಇರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲೇ ಟ್ರೈಲರ್ ಕೂಡ ಮೋಟಾರು ವಾಹನ ಎಂದಿದೆ. ಇಂಜಿನ್ ಇಲ್ಲ ಅನ್ನುವ ವಾದ ನಡೆಯುವುದಿಲ್ಲ. ಸೆಕ್ಷನ್ 39ರ ಪ್ರಕಾರ ನೋಂದಣಿ ಇಲ್ಲದೆ ರಸ್ತೆಗೆ ಇಳಿಸುವ ಹಾಗಿಲ್ಲ. ಜಿಪ್ಸಿಯ ಆರ್‌ಸಿಯಲ್ಲಿ ಇರುವುದು ಕಾರು. ಅದನ್ನು ಅರ್ಧ ಕತ್ತರಿಸಿ ಅದೇ ನಂಬರ್ ಹಾಕಿಕೊಂಡು ಓಡಿಸಿದರೆ ಸೆಕ್ಷನ್ 52ರ ಕೆಳಗೆ ಅಕ್ರಮ ಬದಲಾವಣೆ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಇದೆ. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಒಪ್ಪುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ದಂಡಕ್ಕಿಂತ ನನಗೆ ಭಯ ಇನ್ಶೂರೆನ್ಸ್ ಬಗ್ಗೆ. ಟ್ರೈಲರ್ ಯಾರಿಗಾದರೂ ತಾಗಿದರೆ ಪರಿಹಾರ ಪೂರ್ತಿ ನಿಮ್ಮ ತಲೆ ಮೇಲೆ ಬರುತ್ತದೆ.

ಸರಿಯಾದ ದಾರಿ ಇದೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಟ್ರೈಲರ್ ಚಾಸಿ ಕೊಳ್ಳಿ. ಮಾರುವವರು ಫಾರ್ಮ್ 21 (ಮಾರಾಟದ ಪತ್ರ), ಫಾರ್ಮ್ 22 (ರಸ್ತೆಗೆ ಯೋಗ್ಯ ಅನ್ನುವ ಪತ್ರ) ಕೊಡಬೇಕು. ಬಾಡಿ ಬೇರೆ ಕಡೆ ಕಟ್ಟಿಸಿದರೆ ಕಟ್ಟಿದವರಿಂದ 22ಎ. ಇಷ್ಟು ಕೊಡದವರ ಹತ್ತಿರ ಚಾಸಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅಂಥ ಚಾಸಿ ಮೇಲೆ ಜಿಪ್ಸಿಯ ತೊಟ್ಟಿ, ಅಂದರೆ ಆ ಹಿಂದಿನ ಬಾಡಿ, ಕೂರಿಸುವ ನಕ್ಷೆ ಮಾಡಿಸಿ, ನಿಮ್ಮ ಕಡೆಯ ಆರ್‌ಟಿಒದಲ್ಲಿ ಇನ್ಸ್‌ಪೆಕ್ಟರ್‌ಗೆ ಮೊದಲೇ ತೋರಿಸಿ ಮಾತಾಡಿ. ಜಿಪ್ಸಿಯ ಆರ್‌ಸಿಯನ್ನು ಸೆಕ್ಷನ್ 55ರ ಪ್ರಕಾರ ರದ್ದು ಮಾಡಿಸಿ, ಆ ಪತ್ರ ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಈ ಬಾಡಿ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಅದೇ.

ಕಮ್ಮಾರಸಾಲೆ (ಪೀಣ್ಯ):

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಬ್ಬಿಣದ ಕೆಲಸದವನು, ಆ ಕಡೆಯಿಂದ ಹೇಳುತ್ತೇನೆ ಅಕ್ಕ.

ಮೊದಲು ಎಕ್ಸೆಲ್. ಜಿಪ್ಸಿಯ ಹಿಂದಿನ ಎಕ್ಸೆಲ್ ಸೆಮಿ ಫ್ಲೋಟಿಂಗ್. ಅಂದರೆ ಚಕ್ರ ನೇರವಾಗಿ ಒಳಗಿನ ಶಾಫ್ಟ್‌ನ ತುದಿಗೇ ಬೋಲ್ಟ್ ಆಗಿರುತ್ತದೆ, ಶಾಫ್ಟ್ ತೆಗೆದರೆ ಚಕ್ರವೂ ಬರುತ್ತದೆ. ಕೆಲವರು ತೂಕ ಕಡಿಮೆ ಮಾಡೋಕೆ ನಡುವಿನ ಕ್ರೌನ್ ಪಿನಿಯನ್ (ಇಂಜಿನ್ ಬಲವನ್ನು ಚಕ್ರದ ಕಡೆ ತಿರುಗಿಸುವ ಗೇರ್) ಕಿತ್ತು ತಗಡು ಮುಚ್ಚುತ್ತಾರೆ. ಆಗ ಶಾಫ್ಟ್‌ನ ಒಳತುದಿಗೆ ಆಧಾರವೇ ಇರುವುದಿಲ್ಲ, ಎಲ್ಲ ಭಾರ ಹೊರಗಿನ ಒಂದು ಬೇರಿಂಗ್ ಮೇಲೆ ಬೀಳುತ್ತದೆ. ಇಟ್ಟುಕೊಳ್ಳುವುದಾದರೆ ಪೂರ್ತಿ ಇಟ್ಟು, ಪ್ರೊಪೆಲ್ಲರ್ ಶಾಫ್ಟ್ ಮಾತ್ರ ತೆಗೆದು, ಆಯಿಲ್ ತುಂಬಿಸಿ ಓಡಿಸಬೇಕು. ಆದರೆ ಅದು ಕೆಲಸಕ್ಕೆ ಬಾರದ ಕಬ್ಬಿಣವನ್ನು ಸುಮ್ನೆ ಹೊತ್ತು ತಿರುಗಿದ ಹಾಗೆ. ಟ್ರೈಲರ್‌ಗೆ ಅಂತಲೇ ಮಾಡಿದ ನೇರ ಎಕ್ಸೆಲ್ ಇರುವ ಚಾಸಿ ತಗೊಂಡರೆ ಈ ತಲೆನೋವೇ ಇಲ್ಲ. ಚಾಸಿ ಮಾಡುವವರಿಗೆ ಹಬ್ 5 ಬೋಲ್ಟ್, 139.7 ಮಿ.ಮೀ. ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ಅಳತೆ) ಬೇಕು ಅಂತ ಹೇಳಿ. ನಿಮ್ಮ ಜಿಮ್ನಿಯದೂ ಅದೇ. ಜಿಮ್ನಿಯ 195/80 ಆರ್15 ಟೈರ್, ಅದೇ ರಿಮ್ ಟ್ರೈಲರ್‌ಗೂ ಹಾಕಿಸಿದರೆ ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಘಾಟಿಯ ನಡುವೆ ಪಂಕ್ಚರ್ ಆದಾಗ ಇದರ ಬೆಲೆ ತಿಳಿಯುತ್ತದೆ.

ಬಾಡಿ ಬಗ್ಗೆ. ತುಕ್ಕನ್ನು ಕಣ್ಣಲ್ಲಿ ನೋಡಿ ನಂಬಬೇಡಿ. ಒಂದು ಅಯಸ್ಕಾಂತ ತಗೊಂಡು ವ್ಹೀಲ್ ಆರ್ಚ್, ಬಾಗಿಲ ಕೆಳಗಿನ ಅಂಚು, ಫ್ಲೋರ್ ಮೂಲೆ ಎಲ್ಲ ಕಡೆ ಹಿಡಿದು ನೋಡಿ. ಅಂಟದೆ ಜಾರಿದರೆ ಅಲ್ಲಿ ತಗಡಿಲ್ಲ, ಬಣ್ಣದ ಕೆಳಗೆ ಪುಟ್ಟಿ ಇದೆ. ಅಷ್ಟು ಭಾಗ ಕತ್ತರಿಸಿ ಹೊಸ ತಗಡು ಹಾಕಲೇಬೇಕು. ಮುಂದೆ ತೆರೆದ ಭಾಗ ಮುಚ್ಚೋಕೆ ದಪ್ಪ ಪ್ಲೇಟ್ ಬೇಡ, ಒಂದು ಇಂಚಿನ ಚೌಕ ಪೈಪಿನ ಫ್ರೇಮ್ ಮೇಲೆ ತೆಳು ಜಿಐ ಶೀಟ್ ಸಾಕು. ತೆಳು ತಗಡಿಗೆ ಮಿಗ್ ವೆಲ್ಡಿಂಗ್ ಮಾಡಿಸಿ, ರಾಡ್ ವೆಲ್ಡಿಂಗ್‌ಗೆ ಕೊಟ್ಟರೆ ತೂತು ಬೀಳುತ್ತದೆ, ಸೊಟ್ಟ ಆಗುತ್ತದೆ. ಬಾಡಿ ಮತ್ತು ಚಾಸಿ ನಡುವೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿ, ವೆಲ್ಡ್ ಮಾಡಬೇಡಿ. ಚಾಸಿ ಹಳ್ಳದಲ್ಲಿ ತಿರುಚುತ್ತದೆ, ವೆಲ್ಡ್ ಆದ ಬಾಡಿ ಅಲ್ಲೇ ಬಿರುಕು ಬಿಡುತ್ತದೆ.

ಇನ್ನೊಂದು ಮಾತು. ಕೆಲಸಕ್ಕೆ ಕೊಟ್ಟಾಗ "ಗಟ್ಟಿ ಇರಲಿ" ಅಂತ ಹೇಳಬೇಡಿ. ಹಾಗೆ ಹೇಳಿದರೆ ನಮ್ಮವರು ಲಾರಿಗೆ ಹಾಕುವಷ್ಟು ಕಬ್ಬಿಣ ಹಾಕುತ್ತಾರೆ. 60×40×3 ಮಿ.ಮೀ. ಪೈಪ್ ಮೀಟರಿಗೆ ಸುಮಾರು 4.4 ಕೆ.ಜಿ. ಅದರ ಬದಲು 100×50×4 ಹಾಕಿದರೆ ಮೀಟರಿಗೆ 9 ಕೆ.ಜಿ. ಹತ್ತಿರ. ಹತ್ತು ಮೀಟರ್ ಪೈಪಿನಲ್ಲೇ 45 ಕೆ.ಜಿ. ಹತ್ತಿರ ಹೆಚ್ಚಾಯಿತು. "ಒಟ್ಟು ಇಷ್ಟು ಕೆ.ಜಿ. ದಾಟಬಾರದು" ಅಂತ ಬರೆದು ಕೊಡಿ.

ಹೊಳೆದಂಡೆ:

ತುಂಬಾ ಥ್ಯಾಂಕ್ಸ್ ಅಣ್ಣ, ಸ್ಟೆಪ್ನಿ ವಿಷಯ ಹೊಳೆದೇ ಇರಲಿಲ್ಲ. ಹಾಗಾದರೆ ಹೊಸ ಚಾಸಿ, ಹಳೆ ತೊಟ್ಟಿ. ಮಾವನವರಿಗೆ ಹೇಳಿದೆ, ಹಿಂದಿನ ಬಾಗಿಲು ಉಳಿದರೆ ಸಾಕು ಅಂದರು. ಆದರೆ "ಇಷ್ಟು ಕೆ.ಜಿ." ಅಂದರೆ ಎಷ್ಟು ಅಂತ ಬರೆಯಲಿ? ಮತ್ತೆ ಮಳೆ ಬಂದರೆ ಒಳಗೆ ಮಲಗೋಕೆ ಆಗುತ್ತಾ?

ಮಲ್ನಾಡ್ ದಾರಿ:

ಒಳಗೆ ಮಲಗುವ ಆಸೆ ಬಿಟ್ಟುಬಿಡಿ. ಜಿಪ್ಸಿಯ ಪೂರ್ತಿ ಅಗಲವೇ 1540 ಮಿ.ಮೀ., ಒಳಗೆ ವ್ಹೀಲ್ ಆರ್ಚ್ ಕಳೆದರೆ ಇನ್ನೂ ಕಡಿಮೆ, ಮುಂದಿನ ಸೀಟ್ ಹಿಂದೆ ಉದ್ದ ಐದಡಿ ಆಸುಪಾಸು. ದೊಡ್ಡವರು ಕಾಲು ಚಾಚೋಕೆ ಆಗಲ್ಲ. ಆ ಜಾಗ ಸಾಮಾನಿಗೆ, ಅಡುಗೆಗೆ ಹೇಳಿ ಮಾಡಿಸಿದ್ದು. ಮಲಗುವುದು ಮೇಲಿನ ಟೆಂಟಿನಲ್ಲಿ. ನಾಲ್ಕು ಜನಕ್ಕೆ ಅದೂ ಸಾಲದು, ಪಕ್ಕಕ್ಕೆ ಒಂದು ಗಟ್ಟಿ ಕ್ಯಾನ್ವಾಸ್ ಇಳಿಬಿಟ್ಟು ಕೆಳಗೆ ಇಬ್ಬರಿಗೆ ಜಾಗ ಮಾಡಿ.

ತೂಕಕ್ಕೆ ಬರೋಣ, ಇದೇ ಮುಖ್ಯ. ಜಿಮ್ನಿಯೇ ಸುಮಾರು 1200 ಕೆ.ಜಿ. ಗಾಡಿ. ಹಗುರ ಗಾಡಿಯ ಹಿಂದೆ ಭಾರದ ಟ್ರೈಲರ್ ಕಟ್ಟಿದರೆ ಇಳಿಜಾರಿನಲ್ಲಿ ಗಾಡಿಯನ್ನು ಟ್ರೈಲರೇ ಓಡಿಸುತ್ತದೆ. ನನ್ನ ಪ್ರಕಾರ ನೀರು, ಗ್ಯಾಸ್, ಟೆಂಟ್, ಅಕ್ಕಿ, ಬೇಳೆ ಎಲ್ಲ ಸೇರಿ 600 ಕೆ.ಜಿ. ಒಳಗೆ ಇರಲಿ. ಟ್ರೈಲರ್‌ಗಳಲ್ಲೇ ಅತಿ ಹಗುರವಾದ ಟಿ1 ವರ್ಗದ ಮಿತಿಯೇ 750 ಕೆ.ಜಿ. ಆ ಗಡಿಯ ಹತ್ತಿರ ಕೂಡ ಹೋಗಬೇಡಿ. ಮತ್ತೆ ಜಿಮ್ನಿ ಕೊಟ್ಟವರ ಹತ್ತಿರ ಎಳೆಯುವ ಮಿತಿ ಎಷ್ಟು ಅಂತ ಬರಹದಲ್ಲಿ ಕೇಳಿ, ಅವರು ಕಡಿಮೆ ಹೇಳಿದರೆ ಅದೇ ನಿಮ್ಮ ಮಿತಿ.

ಭಾರ ಎಲ್ಲಿ ಕೂರುತ್ತದೆ ಅನ್ನುವುದು ಎಷ್ಟು ಭಾರ ಅನ್ನುವಷ್ಟೇ ಮುಖ್ಯ. ಟ್ರೈಲರ್‌ನ ಮೂತಿ (ಎಳೆಯುವ ಬಾರಿನ ತುದಿ) ಹಿಚ್ ಮೇಲೆ, ಅಂದರೆ ಗಾಡಿಯ ಹಿಂದಿನ ಕೊಂಡಿ ಮೇಲೆ, ಒಟ್ಟು ತೂಕದ ಶೇ. 10ರಷ್ಟು ಒತ್ತಬೇಕು, ಅಂದರೆ 600ಕ್ಕೆ 60 ಕೆ.ಜಿ. ಹಿಂಭಾಗ ಭಾರವಾಗಿ ಮೂತಿ ಹಗುರ ಆದರೆ ಹೈವೇನಲ್ಲಿ ಟ್ರೈಲರ್ ಹಾವಿನ ಹಾಗೆ ಓಲಾಡೋಕೆ ಶುರು ಮಾಡುತ್ತದೆ, ಆಮೇಲೆ ಹಿಡಿತಕ್ಕೆ ಸಿಗಲ್ಲ. ನಿಮ್ಮ ಅಡುಗೆಮನೆ ಹಿಂದಿನ ಬಾಗಿಲಲ್ಲೇ ಇರುವುದರಿಂದ ಈ ಅಪಾಯ ನಿಮಗೆ ಜಾಸ್ತಿ. ಆದ್ದರಿಂದ ಬ್ಯಾಟರಿ, ಫ್ರಿಜ್, ಟೂಲ್ ಬಾಕ್ಸ್ ಎಲ್ಲ ಎಕ್ಸೆಲ್‌ಗಿಂತ ಮುಂದೆ ಇಡಿ. ನೀರನ್ನು ಸರಿಯಾಗಿ ಎಕ್ಸೆಲ್ ಮೇಲೆ ಇಡಿ, ಖಾಲಿ ಆಗುತ್ತಾ ಹೋದರೂ ಮೂತಿಯ ಭಾರ ಬದಲಾಗಬಾರದು. ಮನೆಯಲ್ಲಿ ತೂಕ ನೋಡುವ ಮೆಷಿನ್ ಇದ್ದರೆ ಅದರ ಮೇಲೆ ಮರದ ತುಂಡು ಇಟ್ಟು, ಹಿಚ್‌ನಷ್ಟೇ ಎತ್ತರದಲ್ಲಿ ಮೂತಿ ಇಳಿಸಿ ನೋಡಬಹುದು. ಒಟ್ಟು ತೂಕಕ್ಕೆ ಯಾವುದಾದರೂ ವೇ ಬ್ರಿಡ್ಜ್‌ಗೆ ಹೋಗಿ, ಸಾಮಾನು ತುಂಬಿಕೊಂಡೇ ಹೋಗಿ.

ಬ್ರೇಕ್: 600 ಕೆ.ಜಿ.ಗೆ ಬ್ರೇಕ್ ಬೇಡ ಅನ್ನುವವರು ಸಿಗುತ್ತಾರೆ. ಶಿರಾಡಿ ಘಾಟಿ ಇಳಿಯುವ ಯೋಚನೆ ಇದ್ದರೆ ಅವರ ಮಾತು ಕೇಳಬೇಡಿ. ಗಾಡಿ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಹಿಡಿಯುವ ಓವರ್‌ರನ್ ಬ್ರೇಕ್ ಸಿಗುತ್ತದೆ, ಅದಿರುವ ಚಾಸಿಯನ್ನೇ ತಗೊಳ್ಳಿ. ಹಿಚ್ 50 ಮಿ.ಮೀ. ಬಾಲ್, ಕೆಳಗೆ ಎರಡು ಸೇಫ್ಟಿ ಚೈನ್ ಅಡ್ಡಡ್ಡ ಹಾಕಿ. ಟೋ ಬಾರ್ ಜಿಮ್ನಿಯ ಚಾಸಿಗೆ ಬೋಲ್ಟ್ ಆಗಬೇಕು, ಬಂಪರ್‌ಗಲ್ಲ. ಟ್ರೈಲರ್ ಲೈಟಿಗೆ ಜಿಮ್ನಿಯ ವೈರ್ ಕತ್ತರಿಸೋಕೆ ಬಿಡಬೇಡಿ, ರಿಲೇ ಬಾಕ್ಸ್ ಹಾಕಿ ಏಳು ಪಿನ್ ಸಾಕೆಟ್ ಮಾಡಿಸಿ. ಈ ಸಾಮಾನೆಲ್ಲ ಎಸ್‌ಪಿ ರೋಡ್, ಜೆಸಿ ರೋಡ್ ಸುತ್ತಿದರೆ ಸಿಗುತ್ತದೆ.

ಅಡುಗೆಮನೆಗೆ 12 ಮಿ.ಮೀ. ಪ್ಲೈವುಡ್ ಪೂರ್ತಿ ಹಾಳೆ ಒಂದೊಂದೂ 22 ಕೆ.ಜಿ. ಆಸುಪಾಸು, ಎಲ್ಲದಕ್ಕೂ ಅದನ್ನೇ ಬಳಸಬೇಡಿ. ಗ್ಯಾಸ್‌ಗೆ 5 ಕೆ.ಜಿ. ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಜಿಪ್ಸಿಯ ತೊಟ್ಟಿ ಬಾವಿಯ ಹಾಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಸಿಲಿಂಡರ್ ಇರುವ ಮೂಲೆಯ ಫ್ಲೋರ್‌ನಲ್ಲೇ ಗಾಳಿ ಕಿಂಡಿ ಕೊರೆಸಿ, ಬ್ಯಾಟರಿ ಆ ಕಡೆ ಬೇಡವೇ ಬೇಡ.

ಆರ್‌ಸಿ ಬುಕ್:

ಒಂದು ಸೇರಿಸುತ್ತೇನೆ. ಓಡುವಾಗ ಮಕ್ಕಳನ್ನು ಟ್ರೈಲರ್ ಒಳಗೆ ಕೂರಿಸಬೇಡಿ, ಎಷ್ಟೇ ಹಟ ಮಾಡಲಿ. ಮತ್ತೆ ಕಾಡಿನ ಅಂಚಿನಲ್ಲಿ ಖಾಲಿ ಜಾಗ ಕಂಡಿತು ಅಂತ ಟೆಂಟ್ ಬಿಚ್ಚಬೇಡಿ, ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಅದು ಅಪರಾಧ. ತೋಟದವರನ್ನು ಕೇಳಿ ಅವರ ಅಂಗಳದಲ್ಲೇ ನಿಲ್ಲಿಸಿ. ಬಂಡೀಪುರದ ದಾರಿ ಹಿಡಿದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಬಂದ್, ಟ್ರೈಲರ್ ಕಟ್ಟಿಕೊಂಡು ನಿಧಾನ ಹೋಗುವವರು ಅದನ್ನು ಲೆಕ್ಕ ಹಾಕಿಯೇ ಹೊರಡಿ.

ಹೊಳೆದಂಡೆ:

ಮೆಕ್ಯಾನಿಕ್‌ಗೆ ಈಗಲೇ ಕತ್ತರಿಸಬೇಡಿ ಅಂತ ಹೇಳಿದ್ದೇನೆ. ಈ ವಾರ ಆರ್‌ಟಿಒಗೆ ಹೋಗಿ ಜಿಪ್ಸಿಯ ಆರ್‌ಸಿ ರದ್ದತಿ ಬಗ್ಗೆ ಕೇಳುತ್ತೇನೆ, ಜೊತೆಗೆ ಚಾಸಿ ಮಾಡುವ ಇಬ್ಬರ ಹತ್ತಿರ ಒಪ್ಪಿಗೆ ಪತ್ರದ ನಕಲು ಕೇಳಿದ್ದೇನೆ. ಕಮ್ಮಾರಸಾಲೆ ಅಣ್ಣ, ಒಂದೇ ಪ್ರಶ್ನೆ ಉಳಿದಿದೆ. ಮೂತಿಯ ಬಾರ್ ಎಷ್ಟು ಉದ್ದ ಇರಲಿ? ನಮ್ಮ ಮನೆ ರಸ್ತೆ ಇಪ್ಪತ್ತು ಅಡಿ, ರಿವರ್ಸ್ ಹಾಕಿಯೇ ಗೇಟ್ ಒಳಗೆ ತರಬೇಕು.

ಕಮ್ಮಾರಸಾಲೆ (ಪೀಣ್ಯ):

ಚಾಸಿ ಜೊತೆ ಬಂದ ಬಾರ್ ಉದ್ದ ನೀವು ಬದಲಾಯಿಸಬೇಡಿ, ಒಪ್ಪಿಗೆ ಆಗಿರುವುದು ಆ ಅಳತೆಗೆ. ಆರಿಸುವಾಗ ಉದ್ದ ಬಾರ್ ಇರುವುದನ್ನು ಆರಿಸಿ. ಗಿಡ್ಡ ಬಾರ್ ಇದ್ದರೆ ರಿವರ್ಸ್‌ನಲ್ಲಿ ಸ್ಟೀರಿಂಗ್ ಸ್ವಲ್ಪ ಮುಟ್ಟಿದರೂ ಟ್ರೈಲರ್ ಪಟ್ ಅಂತ ಮಡಚಿಕೊಳ್ಳುತ್ತದೆ. ಉದ್ದ ಇದ್ದರೆ ನಿಧಾನವಾಗಿ ತಿರುಗುತ್ತದೆ, ತಿದ್ದಿಕೊಳ್ಳೋಕೆ ಸಮಯ ಸಿಗುತ್ತದೆ, ಹಿಂದಿನ ಬಾಗಿಲೂ ಹೆದರಿಕೆ ಇಲ್ಲದೆ ಪೂರ್ತಿ ತೆಗೆಯಬಹುದು. ಮೂತಿಗೆ ಒಂದು ಜಾಕಿ ಚಕ್ರ (ಎತ್ತಿ ಇಳಿಸುವ ಸಣ್ಣ ಚಕ್ರ) ಹಾಕಿಸಿ. ಇಪ್ಪತ್ತು ಅಡಿ ರಸ್ತೆಯಲ್ಲಿ ಗಾಡಿಯಿಂದ ಬಿಚ್ಚಿ ಇಬ್ಬರು ಕೈಯಲ್ಲೇ ತಳ್ಳಿ ಒಳಗೆ ಹಾಕುವುದು ಸುಲಭ, 600 ಕೆ.ಜಿ. ಸಮತಟ್ಟಾದ ನೆಲದಲ್ಲಿ ತಳ್ಳಬಹುದು. ಗೇಟ್ ಹತ್ತಿರ ಇಳಿಜಾರು ಇದ್ದರೆ ಮಾತ್ರ ಚಕ್ರಕ್ಕೆ ಕಲ್ಲು ಕೊಡೋಕೆ ಮೂರನೆಯವರು ಪಕ್ಕದಲ್ಲಿರಲಿ.