ಔಟ್ ಅಂದ್ರೆ ಬ್ಯಾಟ್ ಎಸೆಯೋ ಮಗ: ಎಡಿಎಚ್‌ಡಿ, ಸಿಟ್ಟು, ಸ್ನೇಹ (ಪ್ರಶ್ನೋತ್ತರ)

ಪ್ರಶ್ನೆ (ತಾಯಿ, ಮೈಸೂರು): ಮೇಡಂ ನಮಸ್ಕಾರ. ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಎಡಿಎಚ್‌ಡಿ (ಗಮನ ನಿಲ್ಲದ, ತಡೆದುಕೊಳ್ಳಲಾಗದ ತೊಂದರೆ) ಇದೆ, ಅದಕ್ಕೆ ಬೆಳಿಗ್ಗೆ ಒಂದು ಮಿಥೈಲ್‌ಫೆನಿಡೇಟ್ ಮಾತ್ರೆ ಕೊಡ್ತಿದ್ದೀವಿ. ಓದು ಪರವಾಗಿಲ್ಲ. ಕಷ್ಟ ಇರೋದು ಆಟದಲ್ಲಿ. ಸಂಜೆ ಬೀದಿ ಕ್ರಿಕೆಟ್‌ನಲ್ಲಿ ಔಟ್ ಅಂದ್ರೆ ಸಾಕು, ಬ್ಯಾಟ್ ಎಸೆದು, ಬೈದು, ಅಳ್ತಾ ಮನೆಗೆ ಬರ್ತಾನೆ. ಸ್ವಲ್ಪ ಹೊತ್ತಿಗೆ ಎಲ್ಲ ಮರೆತು ವಾಪಸ್ ಹೋದ್ರೆ ಉಳಿದವರು ಟೂ ಬಿಟ್ಟಿರ್ತಾರೆ. ಎಷ್ಟು ಬುದ್ಧಿ ಹೇಳಿದ್ರೂ ಹೂಂ ಅಂತಾನೆ, ಮಾರನೇ ದಿನ ಅದೇ ರಂಪ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಮಸ್ಕಾರ. ಅವನು ಹೂಂ ಅನ್ನೋದು ಸುಳ್ಳಲ್ಲ. ಔಟಾದರೆ ಬ್ಯಾಟ್ ಎಸೆಯಬಾರದು ಅಂತ ಅವನಿಗೆ ನಿಮ್ಮಷ್ಟೇ ಚೆನ್ನಾಗಿ ಗೊತ್ತು. ಗೊತ್ತಿರೋದನ್ನು ಆ ಎರಡು ಸೆಕೆಂಡಿನಲ್ಲಿ ಮಾಡೋಕಾಗಲ್ಲ, ತೊಂದರೆ ಇರೋದೇ ಅಲ್ಲಿ. ಸಿಟ್ಟು ಎಲ್ಲ ಮಕ್ಕಳಿಗೂ ಬರುತ್ತೆ. ಇವನಿಗೆ ಬೇಗ ಬರುತ್ತೆ, ಜೋರಾಗಿ ಬರುತ್ತೆ, ಬ್ರೇಕ್ ಮಾತ್ರ ತಡವಾಗಿ ಹಿಡಿಯುತ್ತೆ. 2007ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೆದುಳಿನ ಹೊರಪದರ ತನ್ನ ಗರಿಷ್ಠ ದಪ್ಪ ತಲುಪುವ ವಯಸ್ಸು ಸಾಮಾನ್ಯ ಮಕ್ಕಳಲ್ಲಿ ಸುಮಾರು 7.5 ವರ್ಷ, ಎಡಿಎಚ್‌ಡಿ ಇರುವವರಲ್ಲಿ ಸುಮಾರು 10.5 ಎಂದು ಕಂಡುಬಂತು. ಹಿಂದೆ ಬಿದ್ದದ್ದು ಹೆಚ್ಚಾಗಿ ತಡೆದುಕೊಳ್ಳುವ, ಯೋಜಿಸುವ ಮುಂಭಾಗ. ಹಾಗಾಗಿ ಸಿಟ್ಟಿನ ವಿಷಯದಲ್ಲಿ ಅವನನ್ನು ಆರೇಳು ವರ್ಷದವನು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಬುದ್ಧಿಮಾತು ರಾತ್ರಿ ಊಟದ ಹೊತ್ತಿಗಲ್ಲ, ಆಟದ ಜಾಗದಲ್ಲಿ, ಆಟಕ್ಕೆ ಮುಂಚೆ ಸಿಗಬೇಕು.

ಕ್ರಿಕೆಟ್ ಇಂಥ ಮಕ್ಕಳಿಗೆ ಬಹಳ ಕಷ್ಟದ ಆಟ. ಬ್ಯಾಟಿಂಗ್ ಸರದಿಗೆ ಅರ್ಧ ಗಂಟೆ ಕಾಯಬೇಕು, ಸಿಕ್ಕಿದ್ದು ಒಂದೇ ಬಾಲಿಗೆ ಹೋಗಬಹುದು, ಅಂಪೈರ್ ಬೇರೆ ಇಲ್ಲ. ನಿಲ್ಲಿಸಿ ಅನ್ನುತ್ತಿಲ್ಲ. ಹೊರಡುವ ಮುಂಚೆ ಬಾಗಿಲಲ್ಲೇ ಎರಡು ಪ್ರಶ್ನೆ ಕೇಳಿ, ಉತ್ತರ ಅವನ ಬಾಯಿಂದಲೇ ಬರಲಿ: "ಔಟ್ ಅಂದ್ರೆ ಏನು ಮಾಡ್ತೀಯ?" "ಬ್ಯಾಟ್ ಕೆಳಗಿಟ್ಟು ನೀರು ಕುಡೀತೀನಿ." "ಡೌಟ್ ಇದ್ರೆ?" "ಟ್ರಯಲ್ ಬಾಲ್ ಕೇಳ್ತೀನಿ, ಒಂದೇ ಸಲ." ನೀರಿನ ಬಾಟಲಿ ವಿಕೆಟ್‌ನಿಂದ ಹತ್ತು ಹೆಜ್ಜೆ ದೂರ, ಕಾಂಪೌಂಡ್ ಹತ್ತಿರ ಇಡಿ. ನೀರಿಗಿಂತ ಆ ಹತ್ತು ಹೆಜ್ಜೆ ಮುಖ್ಯ. ಮನೆಯಲ್ಲಿ ಅಪ್ಪ ಬಾಲ್ ಹಾಕಿ, ಬೇಕಂತಲೇ ತಪ್ಪಾಗಿ ಔಟ್ ಕೊಟ್ಟು, ಇದನ್ನು ನಗುನಗುತ್ತಾ ಆಡಿಸಲಿ. ದಿನಕ್ಕೆ ಐದಾರು ಸಲ ಸಾಕು. ಬೀದಿಯಲ್ಲಿ ಬ್ಯಾಟ್ ಕೆಳಗಿಟ್ಟನೋ, ಅಲ್ಲೇ ಹೆಬ್ಬೆರಳು ಎತ್ತಿ ತೋರಿಸಿ. ಮನೆಗೆ ಬಂದಮೇಲಿನ ಹೊಗಳಿಕೆಗೆ ಅಷ್ಟು ಬಲ ಇಲ್ಲ.

ಫೀಲ್ಡಿಂಗ್‌ನಲ್ಲಿ ಬೌಂಡರಿ ಹತ್ತಿರ ನಿಂತರೆ ಬೇಜಾರಾಗಿ ಕಿತಾಪತಿ ಶುರು. ಕೀಪಿಂಗ್ ಕೊಡಿಸಲು ನೋಡಿ, ಪ್ರತಿ ಬಾಲಿಗೂ ಕೆಲಸ ಇರುತ್ತೆ.

ಇಷ್ಟಾದರೂ ಉಕ್ಕಿಬಿಟ್ಟರೆ, ಆಗ ಮಾತು ಬೇಡ. ನಾಲ್ಕೈದು ಪದ, ತಗ್ಗಿದ ದನಿ: "ಬಾ, ಗೇಟ್ ಹತ್ತಿರ ಹೋಗೋಣ." "ಯಾಕೆ ಹೀಗೆ ಮಾಡ್ದೆ?" ಅಂತ ಕೇಳಿದರೆ ಅದಕ್ಕೂ ಒಂದು ಜಗಳ. ಬಲವಂತದ ಸಾರಿ ಆಗ ಬೇಡ. ಎಲ್ಲರ ಮುಂದೆ ಹೇಳಿಸಿದ ಸಾರಿ ಹಲ್ಲು ಕಚ್ಚಿಕೊಂಡೇ ಬರುತ್ತೆ, ಉಳಿದ ಮಕ್ಕಳಿಗೂ ಅದು ಗೊತ್ತಾಗುತ್ತೆ. ಅರ್ಧ ಗಂಟೆ ಬಿಟ್ಟು ಎಸೆದ ಬ್ಯಾಟ್ ತಾನೇ ಎತ್ತಿ ತರಲಿ, ಬೈಸಿಕೊಂಡ ಹುಡುಗನ ಹತ್ತಿರ ತಾನೇ ಹೋಗಲಿ, ನೀವು ಜೊತೆಗಿರಿ. ಶಿಕ್ಷೆ ಕೊಡುವುದಿದ್ದರೆ ಅವತ್ತಿನ ಆಟ ಅವತ್ತಿಗೆ ಮುಗೀತು ಅನ್ನಿ. "ಒಂದು ವಾರ ಆಟ ಇಲ್ಲ" ಅಂದರೆ ಮೂರನೇ ದಿನಕ್ಕೆ ಯಾಕೆ ಅನ್ನೋದೇ ಅವನಿಗೆ ನೆನಪಿರಲ್ಲ, ಅಷ್ಟರಲ್ಲಿ ಗುಂಪು ಅವನಿಲ್ಲದೆ ಆಡೋದು ಅಭ್ಯಾಸ ಮಾಡಿಕೊಂಡಿರುತ್ತೆ.

ಪ್ರಶ್ನೆ (ಅದೇ ತಾಯಿ): ಬೇರೆ ಮಕ್ಕಳ ಜೊತೆ ಬೆರೆಯೋದು ಕಲಿಸೋ ಸೋಶಿಯಲ್ ಸ್ಕಿಲ್ಸ್ ಕ್ಲಾಸಿಗೆ ಸೇರಿಸಲಾ ಮೇಡಂ? ವಾರಕ್ಕೊಂದು ಸಲ ಇದೆಯಂತೆ.

ಉತ್ತರ: ದುಡ್ಡು ಕಟ್ಟುವ ಮುಂಚೆ ಯೋಚಿಸಿ. ಎಡಿಎಚ್‌ಡಿ ಮಕ್ಕಳಿಗೆ ಇಂಥ ತರಬೇತಿ ಕೊಟ್ಟ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆಯಲ್ಲಿ (2011, ಮತ್ತೆ 2019) ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕಾರಣ ಮೇಲೆ ಹೇಳಿದ್ದೇ. ಎಸಿ ರೂಮಿನಲ್ಲಿ ಸರದಿ ಕಾಯುವುದು ಅವನಿಗೆ ಬರುತ್ತೆ, ಬೀದಿಯಲ್ಲಿ ಬರಲ್ಲ.

ಗುಂಪಿಗೆಲ್ಲ ಅವನು ಬೇಕಾದವನಾಗಲಿ ಅನ್ನೋ ಆಸೆ ಸದ್ಯಕ್ಕೆ ಬದಿಗಿಡಿ. ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಅಮೆರಿಕದ ಎಂಟಿಎ ಅಧ್ಯಯನದ ಮಕ್ಕಳನ್ನು ತರಗತಿಯಲ್ಲಿ ಪರೀಕ್ಷಿಸಿದಾಗ ಎಡಿಎಚ್‌ಡಿ ಇದ್ದವರಲ್ಲಿ ಶೇ. 52ರಷ್ಟು ಮಕ್ಕಳನ್ನು ಸಹಪಾಠಿಗಳು ದೂರ ಇಟ್ಟಿದ್ದರು. ಶೇ. 56ರಷ್ಟು ಮಕ್ಕಳಿಗೆ ಪರಸ್ಪರ ಒಪ್ಪಿದ ಗೆಳೆಯ ಒಬ್ಬನೂ ಇರಲಿಲ್ಲ. ಔಷಧ, ವರ್ತನೆ ಚಿಕಿತ್ಸೆ ಎರಡೂ ಸಿಕ್ಕಮೇಲೂ ಸಹಪಾಠಿಗಳ ಅಭಿಪ್ರಾಯ ಹೆಚ್ಚು ಬದಲಾಗಲಿಲ್ಲ. ಹುಡುಗ ಸುಧಾರಿಸಿದರೂ ಬಿದ್ದ ಹೆಸರು ಬೇಗ ಹೋಗಲ್ಲ. ಆದರೆ ಒಬ್ಬ ಗೆಳೆಯನನ್ನು ಸಂಪಾದಿಸೋದು ನಿಮ್ಮ ಕೈಯಲ್ಲಾಗುವ ಕೆಲಸ.

ಕ್ರಿಕೆಟ್ ಗುಂಪಿನ ಲೀಡರನ್ನು ಹಿಡಿಯಲು ಹೋಗಬೇಡಿ. ಶಾಂತ ಸ್ವಭಾವದ ಒಬ್ಬನನ್ನು, ಬೇಕಾದರೆ ಒಂದು ವರ್ಷ ಚಿಕ್ಕವನನ್ನು, ಶನಿವಾರ ಮನೆಗೆ ಕರೆಯಿರಿ. ಒಬ್ಬನೇ ಸಾಕು, ಮೂವರಾದರೆ ಒಬ್ಬ ಹೊರಗಾಗ್ತಾನೆ, ಅವನು ನಿಮ್ಮ ಮಗನೇ ಆಗಿರ್ತಾನೆ. ಮೊದಮೊದಲು 45 ನಿಮಿಷ. ಹಂಚಿಕೊಳ್ಳಲು ಇಷ್ಟವಿಲ್ಲದ ಆಟಿಕೆಗಳನ್ನು ಅವನ ಕೈಯಲ್ಲೇ ಬೀರುವಿಗೆ ಹಾಕಿಸಿ. ಕ್ಯಾರಂ, ಮೊಬೈಲ್ ಗೇಮ್ ಎರಡೂ ಬೇಡ: ಒಂದರಲ್ಲಿ ಸೋಲು, ಇನ್ನೊಂದರಲ್ಲಿ ಮಾತೇ ಇಲ್ಲ. ಇಬ್ಬರೂ ಸೇರಿ ಮಾಡುವಂಥದ್ದು ಕೊಡಿ. ಚುರುಮುರಿ ಕಲೆಸುವುದು ಒಳ್ಳೆಯದು: ಒಬ್ಬ ಕ್ಯಾರೆಟ್ ತುರಿಯಲಿ, ಇನ್ನೊಬ್ಬ ಮಂಡಕ್ಕಿ ಅಳೆಯಲಿ, ಖಾರ ಎಷ್ಟು ಅಂತ ಇಬ್ಬರೂ ಒಪ್ಪಬೇಕು. ನೀವು ಪಕ್ಕದ ಕೋಣೆಯಲ್ಲಿ ಕಿವಿ ಕೊಟ್ಟಿರಿ, ದನಿ ಏರಿದ ಕೂಡಲೇ ಏನೋ ನೆಪ ಮಾಡಿ ಒಳಗೆ ಬನ್ನಿ. ಆಟ ಚೆನ್ನಾಗಿ ನಡೀತಿರುವಾಗಲೇ ಮುಗಿಸಿ. ಇನ್ನೂ ಹದಿನೈದು ನಿಮಿಷ ಇರಲಿ ಅಂತ ಬಿಟ್ಟರೆ ಹೆಚ್ಚಾಗಿ ಕೆಡೋದು ಆ ಹದಿನೈದರಲ್ಲೇ.

ಪ್ರಶ್ನೆ (ಶಿಕ್ಷಕಿ, ಹಾಸನ ಜಿಲ್ಲೆ): ನನ್ನ ಕ್ಲಾಸಲ್ಲಿ ಇಂಥ ಒಬ್ಬ ಇದ್ದಾನೆ. 42 ಮಕ್ಕಳು. ಜವಾಬ್ದಾರಿ ಬರಲಿ ಅಂತ ಲೀಡರ್ ಮಾಡಿದೆ, ದೂರು ಜಾಸ್ತಿಯಾಯ್ತು.

ಉತ್ತರ: ಟೀಚರ್, ಉದ್ದೇಶ ಒಳ್ಳೆಯದೇ. ಆದರೆ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯುವ ಕೆಲಸ ಇವನಿಗೆ ಬೇಡ, ದಿನಕ್ಕೆ ಹತ್ತು ಜನರ ವೈರ ಕಟ್ಟಿಕೊಳ್ತಾನೆ. ಪುಸ್ತಕ ಹಂಚುವುದು, ಚಾರ್ಟ್ ತೂಗುಹಾಕುವುದು, ಬಿಸಿಯೂಟದ ತಟ್ಟೆ ಕೊಡುವುದು, ಹೀಗೆ ಬೇರೆಯವರಿಗೆ ಇವನಿಂದ ಏನಾದರೂ ಸಿಗುವ ಕೆಲಸ ಕೊಡಿ. ಎಚ್ಚರಿಕೆ ಗುಟ್ಟಾಗಿರಲಿ: ಪಕ್ಕದಲ್ಲಿ ಹಾದುಹೋಗುವಾಗ ಡೆಸ್ಕ್ ಮೇಲೆ ಒಮ್ಮೆ ಬೆರಳು ತಟ್ಟಿದರೆ ಸಾಕು. ಹೊಗಳಿಕೆ ಮಾತ್ರ ಎಲ್ಲರಿಗೂ ಕೇಳಲಿ. ಮಕ್ಕಳು ಇವನನ್ನು ಹೇಗೆ ನೋಡಬೇಕು ಅನ್ನೋದನ್ನು ನಿಮ್ಮ ದನಿಯಿಂದಲೇ ಕಲೀತಾರೆ.

ಇನ್ನೊಂದು. ಬೇಗ ಕೆರಳುತ್ತಾನೆ ಅಂತ ಗೊತ್ತಾದರೆ ಪೆನ್ಸಿಲ್ ಚುಚ್ಚಿ ಮಜಾ ತಗೊಳ್ಳುವವರು ಇದ್ದೇ ಇರ್ತಾರೆ. ಚುಚ್ಚಿದ್ದು ನಿಮಗೆ ಕಾಣಲ್ಲ, ತಿರುಗಿ ಹೊಡೆದದ್ದು ಕಾಣುತ್ತೆ. ದೂರು ಬಂದಾಗ "ಯಾರು ಹೊಡೆದ್ರು?" ಅನ್ನೋ ಬದಲು "ಅದಕ್ಕೆ ಮುಂಚೆ ಏನಾಯ್ತು?" ಅಂತ ಕೇಳಿ, ಇಬ್ಬರನ್ನೂ ಬೇರೆಬೇರೆಯಾಗಿ. ಅವನ ಜಾಗವನ್ನೂ ಬದಲಾಯಿಸಿ.

ಪ್ರಶ್ನೆ (ಮೊದಲ ತಾಯಿ): ಸಂಜೆ ಹೊತ್ತೇ ಸಿಟ್ಟು ಜಾಸ್ತಿ. ಮಾತ್ರೆಯಿಂದಾನಾ?

ಉತ್ತರ (ಮಕ್ಕಳ ಮನೋವೈದ್ಯರು): ಇರಬಹುದು. ಯಾವ ನಮೂನೆಯ ಮಾತ್ರೆ ಅಂತ ಮೊದಲು ನೋಡಿ. ಸಾದಾ ಮಿಥೈಲ್‌ಫೆನಿಡೇಟ್ ಸುಮಾರು 3ರಿಂದ 4 ಗಂಟೆ ಕೆಲಸ ಮಾಡುತ್ತೆ. ಬೆಳಿಗ್ಗೆ 8ಕ್ಕೆ ಕೊಟ್ಟದ್ದು ಊಟದ ಹೊತ್ತಿಗೆ ಮುಗಿದಿರುತ್ತೆ, ಸಂಜೆ ಆಟಕ್ಕೆ ಅದರ ನೆರವು ಇರಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ 8ರಿಂದ 12 ಗಂಟೆ ಕಾಲ ಕೆಲಸ ಮಾಡುತ್ತೆ. ಪರಿಣಾಮ ಇಳಿಯುವಾಗ ಕೆಲವು ಮಕ್ಕಳಿಗೆ ಒಂದು ಗಂಟೆ ಹೊತ್ತು ಕಿರಿಕಿರಿ, ಅಳು ಬರುತ್ತೆ. ಹಸಿವೂ ಇರಬಹುದು: ಮಾತ್ರೆ ಹಸಿವನ್ನು ಕಟ್ಟಿಹಾಕುತ್ತೆ, ಡಬ್ಬಿ ಹಾಗೇ ವಾಪಸ್ ಬರುತ್ತೆ. ಆಟಕ್ಕೆ ಬಿಡುವ ಮುಂಚೆ ಹೊಟ್ಟೆ ತುಂಬ ಏನಾದರೂ ಕೊಡಿ.

ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಮಾತ್ರೆಯ ಸಮಯ, ಊಟ, ನಿದ್ದೆ, ಸಿಟ್ಟು ಬಂದ ಸಮಯ ಬರೆಯಿರಿ. ಮಾತ್ರೆ ಕೊಟ್ಟು ಒಂದೆರಡು ಗಂಟೆಗೇ ಸಿಡುಕು ಅಥವಾ ಮಂಕು ಕಂಡರೆ ಡೋಸ್ ಹೆಚ್ಚಾಗಿರಬಹುದು. ಇಳಿಯುವ ಹೊತ್ತಿಗೆ ಬಂದರೆ ಮಾತ್ರೆಯ ನಮೂನೆ ಅಥವಾ ಸಮಯ ಬದಲಿಸುವ ಮಾತು. ದಿನವಿಡೀ ಸಿಡುಕಿದ್ದರೆ, ಮಾತ್ರೆ ಇಲ್ಲದ ಭಾನುವಾರವೂ ಇದ್ದರೆ, ಆತಂಕ, ಖಿನ್ನತೆ, ನಿದ್ದೆಯ ತೊಂದರೆ, ಶಾಲೆಯಲ್ಲಿ ಕಾಟ ಇವನ್ನು ಹುಡುಕಬೇಕು. ನೋಟ್‌ಬುಕ್ ವೈದ್ಯರಿಗೆ ತೋರಿಸಿ, ಡೋಸ್ ನೀವೇ ಬದಲಿಸಬೇಡಿ. "ನಾನು ಸತ್ತರೆ ಒಳ್ಳೇದು" ಅನ್ನುವ ಮಾತು ಸಿಟ್ಟಿನಲ್ಲಿ ಬಂದರೂ ಹಗುರವಾಗಿ ತಗೋಬೇಡಿ, ಅವತ್ತೇ ತೋರಿಸಿ. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು.

ಪ್ರಶ್ನೆ (ತಂದೆ, ದಾವಣಗೆರೆ): ನನ್ನ ಮಗನೂ ಹೀಗೇ. ನಮ್ಮ ತಂದೆಯವರು ಎರಡು ಬಿಟ್ಟರೆ ಸರಿ ಹೋಗ್ತಾನೆ ಅಂತಾರೆ.

ಉತ್ತರ (ಸೈಕಾಲಜಿಸ್ಟ್): ಆ ಹೊತ್ತಿಗೆ ಸುಮ್ಮನಾಗ್ತಾನೆ ಸರ್, ನಿಜ. ಕೈ ಎತ್ತಿದವರದೇ ಮಾತು ಅಂತಾನೂ ಕಲೀತಾನೆ, ಅದನ್ನೇ ಆಟದಲ್ಲಿ ಮಾಡ್ತಾನೆ. ಅಜ್ಜನಿಗೆ ಬುದ್ಧಿ ಹೇಳಲು ಹೋಗಬೇಡಿ, ಕೆಲಸ ಕೊಡಿ: ಸಂಜೆ ಕಟ್ಟೆ ಮೇಲೆ ಕೂತು, ಮೊಮ್ಮಗ ಬ್ಯಾಟ್ ಕೆಳಗಿಟ್ಟಾಗಲೆಲ್ಲ ಕೈ ಎತ್ತಿ ತೋರಿಸೋದು.

ಪ್ರಶ್ನೆ (ಮೊದಲ ತಾಯಿ): ಕೊನೇದು. ಮನೆಗೆ ಕರೆಯೋ ಹುಡುಗನ ಅಮ್ಮನಿಗೆ ಎಡಿಎಚ್‌ಡಿ ಅಂತ ಹೇಳಬೇಕಾ?

ಉತ್ತರ: ಹೇಳಲೇಬೇಕು ಅಂತಿಲ್ಲ. ಆ ಹೆಸರು ಕೇಳಿ ಅವರು ಏನು ಅಂದುಕೊಳ್ತಾರೋ ನಿಮ್ಮ ಕೈಲಿಲ್ಲ. ಅವರಿಗೆ ಬೇಕಾದಷ್ಟು ಹೇಳಿ: "ಸೋತರೆ ಇವನಿಗೆ ಬೇಗ ಸಿಟ್ಟು ಬರುತ್ತೆ, ಕಲಿಸ್ತಾ ಇದ್ದೀವಿ. ನಿಮ್ಮ ಮನೇಲಿ ಹಾಗಾದ್ರೆ ನೀವು ಬೈಯಬೇಡಿ ಅಕ್ಕ, ನನಗೊಂದು ಮಿಸ್ಡ್ ಕಾಲ್ ಕೊಡಿ, ಐದು ನಿಮಿಷದಲ್ಲಿ ಬರ್ತೀನಿ." ಮತ್ತೆ, ಕಾಲ್ ಬಂದರೆ ನಿಜವಾಗಿಯೂ ಐದು ನಿಮಿಷದಲ್ಲಿ ಹೋಗಿ.