ಕೈಗಡ ವಸೂಲಿ: ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಹುಡುಗನ ಪ್ರಶ್ನೆಗೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಹುಡುಗ ನಿನ್ನೆ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಾಗಿ ಇದನ್ನು ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ. ಸ್ನೇಹಿತನಿಗೆ ಎಂಟು ಸಾವಿರ ಡಾಲರ್ ಕೈಗಡ ಕೊಟ್ಟಿದ್ದಾನೆ, ಪತ್ರ ಬರೆಸಿಕೊಂಡಿಲ್ಲ, ಆ ಸ್ನೇಹಿತ ಈಗ ಫೋನ್ ಎತ್ತುತ್ತಿಲ್ಲ. ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ, ಅಂದರೆ ಸಣ್ಣ ಮೊತ್ತದ ವ್ಯಾಜ್ಯಗಳನ್ನು ತೀರ್ಮಾನಿಸುವ ಕೋರ್ಟಿಗೆ, ಹೋಗಬಹುದೇ ಎಂಬುದು ಅವನ ಪ್ರಶ್ನೆ. ಖಂಡಿತ ಹೋಗಬಹುದು. ಆದರೆ ಇನ್ನೊಂದು ವರ್ಷ ಕಾದು ನೋಡು, ಸ್ನೇಹ ಕೆಡಿಸಿಕೊಳ್ಳಬೇಡ ಎಂದು ಇಲ್ಲಿ ಕೆಲವರು ಹೇಳಿದ್ದನ್ನು ನಾನು ಒಪ್ಪಲಾರೆ.

ಕಾರಣ ಕಾಲಮಿತಿ. ಅಲ್ಲಿ ಬಾಯಿಮಾತಿನ ಒಪ್ಪಂದದ ಮೇಲೆ ದಾವೆ ಹೂಡಲು ಇರುವುದು 2 ವರ್ಷ, ಬರವಣಿಗೆಯಲ್ಲಿದ್ದರೆ 4 ವರ್ಷ. ಹಣ ಹಿಂದಿರುಗಿಸುವ ದಿನ ಗೊತ್ತುಮಾಡಿದ್ದರೆ ಆ ದಿನ ತಪ್ಪಿದಾಗಿನಿಂದ ಲೆಕ್ಕ ಶುರುವಾಗುತ್ತದೆ. ಯಾವ ದಿನವನ್ನೂ ಗೊತ್ತುಮಾಡಿರದಿದ್ದರೆ ಹಣ ಕೊಟ್ಟ ದಿನದಿಂದಲೇ ಎಣಿಸಿಕೊಂಡು ನಡೆಯುವುದು ಕ್ಷೇಮ. ದಾಕ್ಷಿಣ್ಯಕ್ಕೆ ಕಾದು ಕುಳಿತವನಿಗೆ ಅವಧಿ ಮೀರಿದ ಮೇಲೆ ಕೋರ್ಟು ರಿಯಾಯಿತಿ ತೋರಿಸುವುದಿಲ್ಲ.

ಇನ್ನು ಪುರಾವೆ. ಹಣ ನಿನ್ನ ಖಾತೆಯಿಂದ ಅವನ ಖಾತೆಗೆ ಹೋಯಿತು ಎಂಬುದನ್ನು ಬ್ಯಾಂಕಿನ ಸ್ಟೇಟ್‌ಮೆಂಟ್ ತೋರಿಸುತ್ತದೆಯೇ ಹೊರತು ಅದು ಸಾಲ ಎಂಬುದನ್ನು ತೋರಿಸುವುದಿಲ್ಲ. ಇಂಥ ಪ್ರಕರಣಗಳಲ್ಲಿ ಎದುರಿನವರು ಹಣ ಬಂದೇ ಇಲ್ಲ ಎನ್ನುವುದು ಕಡಿಮೆ; ಪ್ರೀತಿಯಿಂದ ಕೊಟ್ಟ ಉಡುಗೊರೆ ಎನ್ನುತ್ತಾರೆ, ಇಲ್ಲವೇ ಹಳೆಯ ಬಾಕಿ ಚುಕ್ತಾ ಆದದ್ದು ಎನ್ನುತ್ತಾರೆ. ಆದ್ದರಿಂದ ಹಳೆಯ ಸಂದೇಶಗಳನ್ನು ಮೊದಲಿನಿಂದ ಓದು. "ಕಾರಿನ ಕಂತು ಮುಗಿಯಲಿ, ನಿನ್ನ ದುಡ್ಡು ವಾಪಸ್ ಕೊಡ್ತೀನಿ" ಎಂಬಂಥ ಒಂದೇ ಒಂದು ಸಾಲು ಅವನ ಕಡೆಯಿಂದ ಬಂದಿದ್ದರೂ ನಿನ್ನ ಪಕ್ಷ ಗಟ್ಟಿಯಾಗುತ್ತದೆ. ದಿನಾಂಕವೂ ಫೋನ್ ನಂಬರೂ ಕಾಣುವಂತೆ, ಹಿಂದುಮುಂದಿನ ಮಾತುಗಳನ್ನು ಕತ್ತರಿಸದೆ, ಅವನ್ನು ಕಾಗದದ ಮೇಲೆ ಮುದ್ರಿಸಿಕೋ. ಕನ್ನಡದಲ್ಲಿ ಮಾತಾಡಿಕೊಂಡಿದ್ದರೆ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡು, ನ್ಯಾಯಾಧೀಶರಿಗೆ ಓದಲು ಬರಬೇಕಲ್ಲ.

ದಾವೆಗೆ ಮುಂಚೆ ಹಣ ಕೇಳಿರಲೇಬೇಕು. ದಾವೆಯ ಅರ್ಜಿಯಲ್ಲೇ ಆ ಪ್ರಶ್ನೆ ಇದೆ. ಎಷ್ಟು ಹಣ, ಎಂದು ಕೊಟ್ಟದ್ದು, ಯಾವ ದಿನದೊಳಗೆ ಹಿಂದಿರುಗಿಸಬೇಕು, ತಪ್ಪಿದರೆ ದಾವೆ ಹೂಡುತ್ತೇನೆ ಎಂಬಷ್ಟನ್ನೇ ಬರೆದು ಕಳುಹಿಸು. ಪೊಲೀಸರಿಗೆ ಹೇಳುತ್ತೇನೆ, ನಿನ್ನ ಕಂಪನಿಗೆ ತಿಳಿಸುತ್ತೇನೆ ಎಂಬ ಬೆದರಿಕೆಯ ಒಂದಕ್ಷರವೂ ಅದರಲ್ಲಿ ಬೇಡ. ಅದು ನಿನಗೇ ತಿರುಗುಬಾಣವಾದೀತು.

ವ್ಯಕ್ತಿಗಳು 12,500 ಡಾಲರ್‌ವರೆಗೆ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ದಾವೆ ಹೂಡಬಹುದು. 2024ರಿಂದ ಈ ಮಿತಿ ಜಾರಿಯಲ್ಲಿದೆ. ನಿನ್ನ ಮೊತ್ತಕ್ಕೆ ಶುಲ್ಕ 75 ಡಾಲರ್, ಗೆದ್ದರೆ ಅದನ್ನೂ ಸೇರಿಸಿ ಕೇಳಬಹುದು. ವಿಚಾರಣೆಯಲ್ಲಿ ಎರಡೂ ಕಡೆಯವರ ಪರವಾಗಿ ವಕೀಲರು ನಿಲ್ಲುವಂತಿಲ್ಲ, ನೀನೇ ಮಾತಾಡಬೇಕು. ದಾವೆಯ ಕಾಗದಗಳನ್ನು ಅವನ ಕೈಗೆ ನೀನು ಕೊಡುವಂತಿಲ್ಲ. ದಾವೆಗೆ ಸಂಬಂಧಪಡದ, 18 ತುಂಬಿದ ಬೇರೊಬ್ಬರು ವಿಚಾರಣೆಗೆ ಕನಿಷ್ಠ 15 ದಿನ ಮೊದಲು, ಅವನು ಬೇರೆ ಕೌಂಟಿಯಲ್ಲಿದ್ದರೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) 20 ದಿನ ಮೊದಲು, ತಲುಪಿಸಬೇಕು. ಅವನು ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೊರಟುಬಿಟ್ಟರೆ ಈ ಕೋರ್ಟಿನ ಮೂಲಕ ಅವನನ್ನು ಹಿಡಿಯುವುದು ಬಹುತೇಕ ಆಗದ ಮಾತು. ಕಾಯಬೇಡ ಎನ್ನಲು ಇದು ಎರಡನೆಯ ಕಾರಣ.

ಒಂದು ವಿಷಯವನ್ನು ಮೊದಲೇ ತಿಳಿದಿರು. ದಾವೆ ಹೂಡಿದ ನೀನು ಸೋತರೆ ಮೇಲ್ಮನವಿಗೆ ಅವಕಾಶವಿಲ್ಲ, ಅವನು ಸೋತರೆ ಅವನಿಗಿದೆ. ಆಗ ವಕೀಲರನ್ನೂ ಇಟ್ಟುಕೊಳ್ಳಬಹುದು. ಇದು ಅನ್ಯಾಯವೆನಿಸಬಹುದು, ಆದರೆ ಈ ಕೋರ್ಟನ್ನು ಆರಿಸಿಕೊಂಡವನು ನೀನು, ಅವನಲ್ಲ ಎಂಬುದು ಅದರ ಹಿಂದಿನ ತರ್ಕ.

ತೀರ್ಪು ನಿನ್ನ ಕಡೆ ಬಂದರೂ ಕೋರ್ಟು ಹಣ ವಸೂಲಿ ಮಾಡಿಕೊಡುವುದಿಲ್ಲ. ಅವನಾಗಿಯೇ ಕೊಡದಿದ್ದರೆ ಕೋರ್ಟಿನಿಂದ ಆದೇಶ ಪಡೆದು, ಶೆರಿಫ್ ಎಂಬ ಕೌಂಟಿ ಅಧಿಕಾರಿಯ ಕಚೇರಿಯ ಮೂಲಕ ಅವನ ಸಂಬಳದಿಂದಲೋ ಬ್ಯಾಂಕ್ ಖಾತೆಯಿಂದಲೋ ಹಿಡಿಸಿಕೊಳ್ಳಬೇಕು, ಅದಕ್ಕೆ ಅವನು ಎಲ್ಲಿ ಕೆಲಸ ಮಾಡುತ್ತಾನೆ, ಯಾವ ಬ್ಯಾಂಕಿನಲ್ಲಿ ಖಾತೆಯಿದೆ ಎಂಬುದು ನಿನಗೆ ಗೊತ್ತಿರಬೇಕು. ತೀರ್ಪು 10 ವರ್ಷ ಊರ್ಜಿತದಲ್ಲಿರುತ್ತದೆ, ಆಮೇಲೂ ನವೀಕರಿಸಬಹುದು, ಹಾಗಾಗಿ ಈಗ ಕೈಖಾಲಿ ಎನ್ನುವವನಿಂದ ಮುಂದೆಯಾದರೂ ವಸೂಲಿಯಾದೀತು. ಅವನು ಯಾವಾಗಲಾದರೂ ಚೆಕ್ಕಿನಲ್ಲಿ ಸ್ವಲ್ಪ ಹಣ ಹಿಂದಿರುಗಿಸಿದ್ದರೆ ಅದರ ಪ್ರತಿಯನ್ನು ಜೋಪಾನವಾಗಿಡು: ಅದರ ಮೇಲೆ ಬ್ಯಾಂಕಿನ ಹೆಸರಿರುತ್ತದೆ, ಜೊತೆಗೆ ಉಡುಗೊರೆಯ ವಾದಕ್ಕೆ ಅದೇ ಉತ್ತರವಾಗುತ್ತದೆ. ಅರ್ಜಿ ತುಂಬುವಾಗ ಸಂದೇಹ ಬಂದರೆ ನಿನ್ನ ಕೌಂಟಿಯ ಸ್ಮಾಲ್ ಕ್ಲೇಮ್ಸ್ ಅಡ್ವೈಸರ್ ಅವರನ್ನು ಕೇಳು, ಅವರು ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಣ ಕೇಳುವ ಪತ್ರದ ಕರಡನ್ನು ಕಳುಹಿಸಿದರೆ ನಾನೂ ಓದಿ ನೋಡುತ್ತೇನೆ. ಗುಂಪಿಗೆ ಬೇಡ, ನನಗೊಬ್ಬನಿಗೇ ಕಳುಹಿಸು.