ನಾಯಿ, ಬೆಕ್ಕು ಓಡಾಡುವ ಹಿತ್ತಲಿನಲ್ಲಿ ಜೇಕು ಮತ್ತು ಕಾಂಗ್ರೆಸ್ ಗಿಡ: ಅಪಾಯವಿಲ್ಲದೆ ತೆಗೆಯುವುದು ಹೇಗೆ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಹಾಸನದ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಮಳೆ ಹಿಡಿದಾಗಿನಿಂದ ಕಳೆಯ ಕಾಟ ವಿಪರೀತವಾಗಿದೆ. ಹುಲ್ಲುಹಾಸಿಗೆಂದು ಬಿಟ್ಟಿದ್ದ ಜಾಗವನ್ನೆಲ್ಲ ಜೇಕು ಎಂಬ ಹುಲ್ಲಿನಂಥ ಕಳೆ ಆವರಿಸಿಕೊಂಡಿದ್ದು, ಕೈಯಿಂದ ಕಿತ್ತರೆ ಕೆಲವೇ ದಿನಗಳಲ್ಲಿ ಅಲ್ಲಿಯೇ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಕಾಂಪೌಂಡಿನ ಆಚೆಯ ಖಾಲಿ ನಿವೇಶನದಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ಅದರ ಬೀಜ ನಮ್ಮ ಕಡೆಗೂ ಉದುರುತ್ತಿದೆ. ಇಂಟರ್‌ಲಾಕ್ ಕಲ್ಲುಗಳ ಸಂದಿಯಲ್ಲಿ ಗರಿಕೆ ಮತ್ತು ಹುಳಿಸೊಪ್ಪು ಎದ್ದಿವೆ.

ಮನೆಯಲ್ಲಿ ಒಂದು ನಾಟಿ ನಾಯಿಯೂ ಒಂದು ಬೆಕ್ಕೂ ಇವೆ. ನಾಯಿಗೆ ಬೆಳಗಿನ ಹೊತ್ತು ಹುಲ್ಲು ಮೇಯುವ ಅಭ್ಯಾಸವಿದೆ. ಬೆಕ್ಕು ಹಿತ್ತಲಲ್ಲಿ ಹೊರಳಾಡಿ ಬಂದು ಜಗಲಿಯ ಮೇಲೆ ಕುಳಿತು ಮೈಯೆಲ್ಲ ನೆಕ್ಕಿಕೊಳ್ಳುತ್ತದೆ. ಗೊಬ್ಬರದ ಅಂಗಡಿಯಲ್ಲಿ ವಿಚಾರಿಸಿದಾಗ ಒಂದು ಬಾಟಲಿ ಕಳೆನಾಶಕ ಕೊಟ್ಟು, ಸಿಂಪಡಿಸಿದ ಮೇಲೆ ಒಣಗುವ ತನಕ ಪ್ರಾಣಿಗಳನ್ನು ಕಟ್ಟಿಹಾಕಿದರೆ ಸಾಕು, ಆಮೇಲೆ ಏನೂ ಆಗುವುದಿಲ್ಲ ಎಂದರು. ನಾನು ಇನ್ನೂ ಅದರ ಮುಚ್ಚಳ ತೆರೆದಿಲ್ಲ. ಅಂಗಡಿಯವರ ಮಾತನ್ನು ನಂಬಬಹುದೇ? ವಿನೆಗರ್‌ಗೆ ಉಪ್ಪು ಬೆರೆಸಿ ಹೊಡೆಯುವ ಉಪಾಯವನ್ನು ಕೆಲವರು ಹೇಳುತ್ತಾರೆ, ಅದಾದರೂ ನಿರಪಾಯವೇ?

ಉತ್ತರ (ಚಿಕ್ಕಮಗಳೂರಿನಿಂದ)

ಮೊದಲು ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುವ ರಾಸಾಯನಿಕದ ಹೆಸರನ್ನು ನೋಡಿ ತಿಳಿಸಿ. ವ್ಯಾಪಾರದ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಲೇಬಲ್ ಮೇಲಿನ ಚೌಕದೊಳಗಿನ ತ್ರಿಕೋನದ ಬಣ್ಣವನ್ನೂ ಗಮನಿಸಿ. ಕೆಂಪು ಅತಿ ವಿಷಕಾರಿ, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು ಎಂಬ ಕ್ರಮವಿದೆ.

ಒಣಗಿದ ಮೇಲೆ ಅಪಾಯವಿಲ್ಲ ಎಂಬುದು ಅರ್ಧ ಸತ್ಯ. ಎಲೆಯ ಮೇಲಿನ ದ್ರಾವಣ ಒಣಗಿದರೆ ಪಾದಕ್ಕೂ ರೋಮಕ್ಕೂ ಅಂಟುವುದು ಕಡಿಮೆಯಾಗುತ್ತದೆ, ನಿಜ. ಆದರೆ ನಿಮ್ಮ ನಾಯಿ ಅದೇ ಎಲೆಯನ್ನು ಅಗಿದು ನುಂಗುತ್ತದೆ. ಮೇಲಾಗಿ ಜಿಟಿಜಿಟಿ ಮಳೆ ಹಿಡಿದ ಈ ದಿನಗಳಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಎಲೆ ಪೂರ್ತಿ ಒಣಗುವುದಾದರೂ ಯಾವಾಗ? ಕಲ್ಲಿನ ಮೇಲೆ ನಿಂತ ನೀರಿಗೆ ಇಳಿದ ವಿಷವನ್ನು ಪ್ರಾಣಿಗಳು ಕುಡಿಯುವ ಸಾಧ್ಯತೆ ಬೇರೆ.

ಬಾಟಲಿಯಲ್ಲಿರುವ ಕಳೆನಾಶಕ ಗ್ಲೈಫೋಸೇಟ್ ಆಗಿದ್ದರೆ, ಅದನ್ನು ಪೀಡೆ ನಿಯಂತ್ರಣದ ಪರವಾನಗಿ ಹೊಂದಿದವರ ಮೂಲಕವಲ್ಲದೆ ಬಳಸುವಂತಿಲ್ಲ ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತ್ತು. 2,4-ಡಿ ಆಗಿದ್ದರೆ, ಈ ಬಗೆಯ ಆಮ್ಲಗಳನ್ನು ನಾಯಿಯ ಮೂತ್ರಪಿಂಡ ಮನುಷ್ಯರದರಷ್ಟು ಬೇಗ ಹೊರಹಾಕಲಾರದು ಎಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬಾಟಲಿಯ ಮೇಲೆ ಪ್ಯಾರಾಕ್ವಾಟ್ ಡೈಕ್ಲೋರೈಡ್ 24% ಎಸ್‌ಎಲ್ ಎಂದಿದೆ.

ಉತ್ತರ (ಚಿಕ್ಕಮಗಳೂರಿನಿಂದ)

ದಯವಿಟ್ಟು ತೆರೆಯಬೇಡಿ. ಕಳೆನಾಶಕಗಳಲ್ಲಿ ಇದರಷ್ಟು ಭಯಂಕರವಾದದ್ದು ಅಪರೂಪ. ಸ್ವಲ್ಪವೇ ಹೊಟ್ಟೆಗೆ ಹೋದರೂ ಬಾಯಿ, ಗಂಟಲು ಸುಟ್ಟು, ಕೆಲವು ದಿನಗಳಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಮನುಷ್ಯರಿಗಾಗಲಿ ನಾಯಿಗಾಗಲಿ ಇದಕ್ಕೆ ಪ್ರತ್ಯೌಷಧವಿಲ್ಲ. ಮೋರಿಗೆ ಸುರಿಯದೆ, ಸೀಲ್ ಒಡೆಯದಿರುವಾಗಲೇ ಅಂಗಡಿಗೆ ಹಿಂದಿರುಗಿಸಿ.

ಇನ್ನೊಂದು ವಿಷಯವನ್ನು ಆ ಅಂಗಡಿಯವರು ಹೇಳಬೇಕಾಗಿತ್ತು. ಪ್ಯಾರಾಕ್ವಾಟ್ ತಾಗಿದ ಹಸಿರು ಭಾಗವನ್ನು ಮಾತ್ರ ಸುಡುತ್ತದೆ, ನೆಲದೊಳಗಿನ ಗಡ್ಡೆಗೆ ಇಳಿಯುವುದಿಲ್ಲ. ಜೇಕಿನ ಜೀವವಿರುವುದೇ ಗಡ್ಡೆಯಲ್ಲಿ. ಒಂದು ಗಿಡವನ್ನು ಗುದ್ದಲಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ: ತಂತಿಯಂಥ ಬೇರಿನಲ್ಲಿ ಕರಿಕಂದು ಬಣ್ಣದ ಗಡ್ಡೆಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ, ಉಗುರಿನಿಂದ ಒಡೆದರೆ ಒಳಗೆ ಬೆಳ್ಳಗಿದ್ದು ಗಾಢವಾದ ಪರಿಮಳ ಬರುತ್ತದೆ. ಮೇಲಿನ ಎಲೆಯನ್ನು ಎಳೆದಾಗ ಈ ಸರ ತುಂಡಾಗಿ, ಅಲ್ಲಿಯವರೆಗೆ ಸುಪ್ತವಾಗಿದ್ದ ಗಡ್ಡೆಗಳೂ ಮೊಳೆಯುತ್ತವೆ. ಕಿತ್ತಷ್ಟೂ ದಟ್ಟವಾಗುವುದಕ್ಕೆ ಕಾರಣ ಇದೇ. ಅಂದರೆ ನಾಯಿಯ ಜೀವಕ್ಕೆ ಅಪಾಯ ತಂದುಕೊಂಡು ನೀವು ಸಿಂಪಡಿಸಿದರೂ, ಮುಂದಿನ ತಿಂಗಳು ಜೇಕು ಅಲ್ಲಿಯೇ ಇರುತ್ತಿತ್ತು.

ವಿನೆಗರ್‌ನದೂ ಅದೇ ಕಥೆ. ಅಡುಗೆಯ ವಿನೆಗರ್ ಎಳೆಯ ಎಲೆಯನ್ನು ಬಾಡಿಸೀತು, ಗಡ್ಡೆಯನ್ನು ಮುಟ್ಟದು. ಉಪ್ಪಂತೂ ಬೇಡವೇ ಬೇಡ. ಅದು ಮಣ್ಣನ್ನು ಕೆಡಿಸುತ್ತದೆ, ನಾಯಿ ನೆಕ್ಕಿ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ವಾಂತಿಯಿಂದ ಹಿಡಿದು ನಡುಕ, ಸೆಳೆತದವರೆಗೂ ಹೋಗಬಹುದು.

ಉತ್ತರ (ಸಕಲೇಶಪುರದಿಂದ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಜೇಕಿಗೆ ನೆರಳೆಂದರೆ ಆಗದು, ಆದ್ದರಿಂದ ಮುಚ್ಚಿಗೆಯೇ ಸರಿಯಾದ ದಾರಿ. ನೆಲಮಟ್ಟಕ್ಕೆ ಕೊಯ್ದು, ದಪ್ಪ ರಟ್ಟನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಹಾಸಿ, ಮೇಲೆ ನಾಲ್ಕು ಇಂಚು ತರಗು ಹರಡಿ. ಸಿಲ್ವರ್ ಓಕ್ ಎಲೆ ಸಿಕ್ಕರೆ ಒಳ್ಳೆಯದು, ಬೇಗ ಕೊಳೆಯುವುದಿಲ್ಲ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ಕಡೆಯಿಂದ ಸಿಪ್ಪೆ ಅಗ್ಗಕ್ಕೆ ಸಿಗುವುದಾದರೆ ಅದನ್ನೂ ಹಾಕಬಹುದು.

ಉತ್ತರ (ಚಿಕ್ಕಮಗಳೂರಿನಿಂದ)

ಕಾಫಿ ಸಿಪ್ಪೆಯ ವಿಚಾರದಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಕಾಫಿ ಹಣ್ಣಿನ ಸಿಪ್ಪೆಯಲ್ಲಿಯೂ ಕೆಫೀನ್ ಇರುತ್ತದೆ, ಮತ್ತು ಕೆಫೀನ್ ನಾಯಿ ಬೆಕ್ಕುಗಳಿಗೆ ವಿಷ. ಎದೆಬಡಿತ ಏರಿ ಸೆಳೆತ ಬರಬಹುದು. ತೋಟಕ್ಕೆ ಅದು ಒಳ್ಳೆಯ ಗೊಬ್ಬರವೇ ಇರಬಹುದು, ಕಂಡದ್ದನ್ನೆಲ್ಲ ಮೂಸಿ ಅಗಿಯುವ ನಾಯಿಯಿರುವ ಹಿತ್ತಲಿಗೆ ಆ ಸಿಪ್ಪೆ ಸಲ್ಲದು. ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹರಳಿಂಡಿಯ ಬಗ್ಗೆ. ಸಾವಯವ ಗೊಬ್ಬರವೆಂದು ಎಲ್ಲರೂ ಧೈರ್ಯವಾಗಿ ಹಾಕುತ್ತಾರೆ, ಆದರೆ ಹರಳು ಬೀಜದ ರಿಸಿನ್ ಎಂಬ ವಿಷ ಹಿಂಡಿಯಲ್ಲಿ ಉಳಿದಿರಬಹುದು, ಜೊತೆಗೆ ಅದರ ವಾಸನೆ ನಾಯಿಗಳನ್ನು ಸೆಳೆಯುತ್ತದೆ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯೂ ಇದೇ ಸಾಲಿಗೆ ಸೇರಿದ್ದು. ಕಳೆನಾಶಕಕ್ಕೆ ಹೆದರುವ ಮನೆಗಳಲ್ಲಿ ಇವೆರಡೂ ಪೋರ್ಟಿಕೋದ ಮೂಲೆಯಲ್ಲಿ ಬಾಯಿ ತೆರೆದ ಚೀಲದಲ್ಲಿ ಇರುವುದನ್ನು ಕಾಣುತ್ತೇವೆ.

ಉತ್ತರ (ಸಕಲೇಶಪುರದಿಂದ)

ಸರಿ, ಕಾಫಿ ಸಿಪ್ಪೆಯ ಸಲಹೆಯನ್ನು ಬಿಟ್ಟುಬಿಡಿ. ಒಣ ಹುಲ್ಲು ಅಥವಾ ಅಡಿಕೆ ಸಿಪ್ಪೆ ಸಾಕು.

ಪ್ರಶ್ನೆ ಕೇಳಿದವರು

ರಟ್ಟನ್ನು ತೂರಿಕೊಂಡು ಜೇಕು ಮೇಲೆ ಬಂದರೆ ಏನು ಮಾಡಬೇಕು? ಕಲ್ಲಿನ ಸಂದಿಗೂ ಕಾಂಗ್ರೆಸ್ ಗಿಡಕ್ಕೂ ಪರಿಹಾರ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಚಿಕ್ಕಮಗಳೂರಿನಿಂದ)

ಖಂಡಿತ ಬರುತ್ತದೆ, ಅದರ ಮೊನೆ ಪ್ಲಾಸ್ಟಿಕ್ ಹಾಳೆಯನ್ನೇ ಚುಚ್ಚುತ್ತದೆ. ಬಂದದ್ದು ನಾಲ್ಕೈದು ಎಲೆ ಬಿಡುವುದರೊಳಗೆ, ಹೊಸ ಗಡ್ಡೆ ಕಟ್ಟಲು ಬಿಡದಂತೆ, ಕಳೆ ತೆಗೆಯುವ ಕುರ್ಚಿಗೆಯಿಂದ ಕೊಯ್ಯುತ್ತಿರಿ. ಪ್ರತಿ ಚಿಗುರಿಗೂ ಗಡ್ಡೆ ತನ್ನ ಸಂಗ್ರಹವನ್ನೇ ಖರ್ಚು ಮಾಡಬೇಕಾಗುವುದರಿಂದ ಕ್ರಮೇಣ ಸೊರಗುತ್ತದೆ. ಬೇಸಿಗೆಯಲ್ಲಿ ಮುಚ್ಚಿಗೆ ಸರಿಸಿ ಒಂದು ಅಡಿ ಆಳ ಅಗೆದು, ಗಡ್ಡೆಗಳನ್ನು ಆರಿಸಿ, ಉಳಿದವು ಬಿಸಿಲಿಗೆ ಒಣಗುವಂತೆ ಮಣ್ಣನ್ನು ಮಗುಚಿ ಬಿಡಿ. ಒಣಗುವುದನ್ನು ಜೇಕಿನ ಗಡ್ಡೆ ತಾಳಲಾರದು. ಮುಂಗಾರಿಗೆ ಅಲ್ಲಿ ಅಲಸಂದೆ ಬಿತ್ತಿದರೆ ನೆಲಕ್ಕೆ ನೆರಳೂ ಆಯಿತು, ನಾಯಿಗೆ ತೊಂದರೆಯೂ ಇಲ್ಲ. ಇಷ್ಟೆಲ್ಲ ಮಾಡಿದರೂ ಒಂದೇ ವರ್ಷದಲ್ಲಿ ಮುಗಿಯುವ ಕೆಲಸವಿದಲ್ಲ.

ಕಲ್ಲಿನ ಸಂದಿಗೆ ಕುದಿಯುವ ನೀರು ಸಾಕು. ಸುರಿಯುವಾಗ ಪ್ರಾಣಿಗಳು ಒಳಗಿರಲಿ, ಕಲ್ಲು ತಣ್ಣಗಾದ ಮೇಲೆ ಬಿಡಿ.

ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರು ಸಹಿತ ಕೀಳಬೇಕು. ಕೈಗವಸು, ಮುಖಗವಸು ಇರಲಿ, ಕೆಲವರ ಚರ್ಮಕ್ಕೂ ಉಸಿರಿಗೂ ಅದು ಒಗ್ಗುವುದಿಲ್ಲ. ಎಲೆಗಳ ಮೇಲೆ ಕಂದು ಗೆರೆಯ ಬಿಳಿಚು ದುಂಬಿಗಳು ಕಂಡರೆ ಕೊಲ್ಲಬೇಡಿ. ಅವು ಈ ಕಳೆಯನ್ನು ಮೇಯಲೆಂದೇ 1980ರ ದಶಕದಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ ಬಿಟ್ಟ ಜಾತಿಯವು. ನಿವೇಶನದ ಮಾಲೀಕರೊಡನೆ ಈಗಲೇ ಮಾತನಾಡಿ, ಏಕೆಂದರೆ ಅವರು ಆಳು ಕರೆಸಿ ನಿಮ್ಮ ಕಾಂಪೌಂಡಿಗೆ ಒತ್ತಿಕೊಂಡು ವಿಷ ಹೊಡೆಸಿದರೆ ಇಷ್ಟೂ ಶ್ರಮ ವ್ಯರ್ಥ. ಹಾಗೇನಾದರೂ ಆಗಿ ನಾಯಿ ಜೊಲ್ಲು ಸುರಿಸಿದರೆ, ವಾಂತಿ ಮಾಡಿಕೊಂಡರೆ, ನೀವಾಗಿ ವಾಂತಿ ಮಾಡಿಸಲು ಹೋಗದೆ, ಮೈಗೆ ತಗುಲಿದ್ದನ್ನು ಸೌಮ್ಯ ಸೋಪು ಮತ್ತು ನೀರಿನಿಂದ ತೊಳೆದು, ಕಳೆನಾಶಕದ ಬಾಟಲಿ ಅಥವಾ ಅದರ ಚಿತ್ರದೊಂದಿಗೆ ಕೂಡಲೇ ಪಶುವೈದ್ಯರ ಬಳಿಗೆ ಹೋಗಿ. ನಿಮ್ಮ ಊರಿನಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ.

ಪ್ರಶ್ನೆ ಕೇಳಿದವರು

ಬಾಟಲಿಯನ್ನು ಹಿಂದಿರುಗಿಸಿದ್ದೇನೆ, ರಟ್ಟು ಹಾಸುವ ಕೆಲಸವೂ ಆರಂಭವಾಗಿದೆ. ಅಗೆದ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದೇ?

ಉತ್ತರ (ಸಕಲೇಶಪುರದಿಂದ)

ಬೇಡ. ಮನೆಯ ಗುಂಡಿಯ ಕಾವಿಗೆ ಅವು ಸಾಯುವುದಿಲ್ಲ, ಗೊಬ್ಬರದ ಜೊತೆಗೆ ಮತ್ತೆ ಪಾತಿಗೆ ಬರುತ್ತವೆ. ಮಳೆ ಇರುವವರೆಗೆ ಬಾಯಿ ಕಟ್ಟಿದ ಚೀಲದಲ್ಲಿಡಿ. ಬಿಸಿಲು ಬಂದ ಮೇಲೆ ತಾರಸಿಯ ಮೇಲೆ ತೆಳ್ಳಗೆ ಹರಡಿ, ಹಿಸುಕಿದರೆ ಪುಡಿಯಾಗುವಷ್ಟು ಒಣಗಿಸಿದ ನಂತರ ಗುಂಡಿಗೆ ಹಾಕಬಹುದು.